ಕೋಪ ಎಲ್ಲಿ ಕೂತಿದೆ? ಹೈಸ್ಕೂಲ್ ಮಕ್ಕಳ ಜೊತೆ ಎಂಟು ಶನಿವಾರದ ಸರ್ಕಸ್

ಒಂಬತ್ತನೇ ಕ್ಲಾಸಿನ ಹುಡುಗನನ್ನು ಕೂರಿಸಿಕೊಂಡು "ಏನಾಯ್ತೋ, ಯಾಕೆ ಮುಖ ಊದಿಸಿಕೊಂಡಿದ್ದೀಯ?" ಅಂತ ಕೇಳಿ ನೋಡಿ. "ಏನಿಲ್ಲ ಮಿಸ್" ಅಂತಾನೆ. ಎರಡನೇ ಸಲ ಕೇಳಿದರೆ "ಏನಿಲ್ಲ ಅಂದ್ನಲ್ಲ" ಅಂತಾನೆ. ಮೂರನೇ ಸಲ ಕೇಳುವಷ್ಟರಲ್ಲಿ ಬ್ಯಾಗ್ ಎತ್ತಿಕೊಂಡು ಹೊರಟಿರುತ್ತಾನೆ. ಅವನೇನೂ ಸುಳ್ಳು ಹೇಳುತ್ತಿಲ್ಲ. ಅವನಿಗೂ ಗೊತ್ತಿಲ್ಲ, ಅಷ್ಟೇ.

ಅದೇ ಹುಡುಗನ ಅಂಗೈ ಮೇಲೆ ಜೇಡರ ಬಲೆ ತೆಗೆಯುವ ಉದ್ದ ಕೋಲಿನ ಪೊರಕೆಯನ್ನು ನೆಟ್ಟಗೆ ನಿಲ್ಲಿಸಿ, ಬೀಳದ ಹಾಗೆ ನೋಡಿಕೋ ಅನ್ನಿ. ಹತ್ತು ಸೆಕೆಂಡಿನಲ್ಲಿ ಬೀಳುತ್ತದೆ. ಆಗ "ಉಸಿರು ಎಲ್ಲಿತ್ತು?" ಅಂತ ಕೇಳಿ. ಒಂದು ಕ್ಷಣ ಯೋಚಿಸಿ ಹೇಳುತ್ತಾನೆ: "ಬಿಟ್ಟೇ ಇರ್ಲಿಲ್ಲ ಮಿಸ್. ಹೊಟ್ಟೆ ಗಟ್ಟಿ ಆಗಿತ್ತು. ಎಕ್ಸಾಮ್ ಹಾಲಲ್ಲಿ ಆಗತ್ತಲ್ಲ, ಹಂಗೆ."

ಎಕ್ಸಾಮ್ ಬಗ್ಗೆ ನಾನು ಕೇಳಿಯೇ ಇರಲಿಲ್ಲ.

ನಾನು ಕೆಲವು ವರ್ಷಗಳಿಂದ 13ರಿಂದ 16 ವಯಸ್ಸಿನ ಮಕ್ಕಳ ಜೊತೆ ಈ ಥರದ ಆಟಗಳನ್ನು ಆಡಿಸುತ್ತಿದ್ದೇನೆ. ಮೇಷ್ಟ್ರು, ಹಾಸ್ಟೆಲ್ ವಾರ್ಡನ್, ಬೇಸಿಗೆ ಶಿಬಿರ ನಡೆಸುವವರು, ಇಲ್ಲಾ ಬೀದಿಯ ನಾಲ್ಕು ಮಕ್ಕಳನ್ನು ಸೇರಿಸಿಕೊಳ್ಳುವ ಉಮೇದು ಇರುವ ಯಾರು ಬೇಕಾದರೂ ಮಾಡಬಹುದು. ಸರ್ಕಸ್ ಗೊತ್ತಿರಬೇಕಾಗಿಲ್ಲ. ನನಗೆ ಇವತ್ತಿಗೂ ನಾಲ್ಕು ಚೆಂಡು ಆಡಿಸಲು ಬರುವುದಿಲ್ಲ. ನಿಯಮ ಒಂದೇ: "ಏನನ್ನಿಸ್ತು?" ಅಂತ ಕೇಳಬೇಡಿ, "ಮೈಯಲ್ಲಿ ಎಲ್ಲಿ ಅನ್ನಿಸ್ತು?" ಅಂತ ಕೇಳಿ. ಮುಂದೆ ಹೇಳುವುದೆಲ್ಲ ಈ ಒಂದು ಪ್ರಶ್ನೆ ಕೇಳಲು ದಾರಿ ಮಾಡಿಕೊಳ್ಳುವುದಕ್ಕೆ.

ಶುರು ಮಾಡುವ ಮೊದಲು ಎರಡು ಮಾತು

ನಮ್ಮ ಮಾತನ್ನೇ ಗಮನಿಸಿ. ಹೊಟ್ಟೆಕಿಚ್ಚು, ಎದೆ ಢವಢವ, ಗಂಟಲು ಕಟ್ಟಿ ಬರುವುದು, ಕೈಕಾಲು ತಣ್ಣಗಾಗುವುದು, ಕರುಳು ಚುರ್ ಅನ್ನುವುದು, ಪಿತ್ತ ನೆತ್ತಿಗೇರುವುದು, ಮೈಯೆಲ್ಲ ಉರಿಯುವುದು. ಕನ್ನಡದಲ್ಲಿ ಭಾವನೆಗಳಿಗೆಲ್ಲ ಮೈಯಲ್ಲೊಂದು ಮನೆ ಇದೆ. ಭರತನ ನಾಟ್ಯಶಾಸ್ತ್ರ ಎಂಟು ಸಾತ್ವಿಕ ಭಾವ ಅಂತ ಹೇಳುತ್ತದಲ್ಲ, ಅದರ ಪಟ್ಟಿ ನೋಡಿ: ಮರಗಟ್ಟಿ ನಿಲ್ಲುವುದು, ಬೆವರುವುದು, ರೋಮ ನಿಮಿರುವುದು, ದನಿ ಒಡೆಯುವುದು, ನಡುಗುವುದು, ಮುಖದ ಬಣ್ಣ ಹೋಗುವುದು, ಕಣ್ಣೀರು, ಪ್ರಜ್ಞೆ ತಪ್ಪುವುದು. ಎಲ್ಲ ಮೈಯದೇ ಕೆಲಸ. 2013ರಲ್ಲಿ ಫಿನ್ಲೆಂಡಿನ ಸಂಶೋಧಕರು 701 ಜನರಿಗೆ ಮನುಷ್ಯನ ಆಕಾರದ ಚಿತ್ರ ಕೊಟ್ಟು, ಯಾವ ಭಾವನೆ ಬಂದಾಗ ಮೈಯಲ್ಲಿ ಎಲ್ಲಿ ಚುರುಕಾಗುತ್ತದೆ, ಎಲ್ಲಿ ಮಂಕಾಗುತ್ತದೆ ಅಂತ ಬಣ್ಣ ತುಂಬಿಸಿದರು. ಅವರಲ್ಲಿ ಫಿನ್ಲೆಂಡ್, ಸ್ವೀಡನ್‌ನವರೂ ಇದ್ದರು, ತೈವಾನಿನವರೂ ಇದ್ದರು. ಚಿತ್ರಗಳು ಹೆಚ್ಚು ಕಡಿಮೆ ಒಂದೇ ಥರ ಬಂದವು. ನಮ್ಮಜ್ಜಿಯನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು ಬಿಡಿ.

ಆದರೆ ಈಗಿನ ಹೈಸ್ಕೂಲ್ ಮಕ್ಕಳ ಬಾಯಲ್ಲಿ ಉಳಿದಿರುವುದು ಮೂರೇ ಪದ. ಟೆನ್ಷನ್, ಬೋರ್, ಮೂಡ್ ಆಫ್. ಅಜ್ಜ ತೀರಿಕೊಂಡರೂ ಮೂಡ್ ಆಫ್, ಫ್ರೆಂಡ್ ಮಾತು ಬಿಟ್ಟರೂ ಮೂಡ್ ಆಫ್.

ಸರ್ಕಸ್ ಯಾಕೆ ಅಂದರೆ, ಅಲ್ಲಿ ಭಯ, ಸಿಟ್ಟು, ನಾಚಿಕೆ, ನಂಬಿಕೆ ಎಲ್ಲವೂ ಚಿಟಿಕೆಯಷ್ಟು ಪ್ರಮಾಣದಲ್ಲಿ ನಿಜವಾಗಿಯೂ ಬರುತ್ತವೆ. ನಾಟಕದಲ್ಲಿ "ಕೋಪ ಮಾಡು" ಅಂದರೆ ಹುಡುಗ ಸಿನಿಮಾ ವಿಲನ್ ಥರ ಹಲ್ಲು ಕಡಿಯುತ್ತಾನೆ. ಮೂರನೇ ಚೆಂಡು ಹದಿನೇಳನೇ ಸಲ ಬಿದ್ದಾಗ ಬರುವ ಕೋಪ ನಟನೆಯದ್ದಲ್ಲ.

ಇದು ನನ್ನ ತಲೆಯಿಂದ ಹುಟ್ಟಿದ್ದೂ ಅಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಜಿಪ್ ಜ್ಯಾಪ್ ಸರ್ಕಸ್ ಶಾಲೆ 1992ರಿಂದ ನಡೆಯುತ್ತಿದೆ. ಕಾಂಬೋಡಿಯಾದ ಬಟ್ಟಂಬಾಂಗ್‌ನಲ್ಲಿ, ನಿರಾಶ್ರಿತರ ಶಿಬಿರದಲ್ಲಿ ಬೆಳೆದ ಒಂಬತ್ತು ಯುವಕರು ತಮಗೆ ಚಿತ್ರ ಬರೆಯಲು ಕಲಿಸಿದ್ದ ಫ್ರೆಂಚ್ ಟೀಚರ್ ಜೊತೆ ಸೇರಿ 1994ರಲ್ಲಿ ಫಾರೆ ಪೊನ್ಲು ಸೆಲ್ಪಾಕ್ ಕಟ್ಟಿದರು. ಯುದ್ಧ ನೋಡಿದ ಮಕ್ಕಳಿಗೆ ಮೊದಲು ಚಿತ್ರಕಲೆ ಇತ್ತು, ಸರ್ಕಸ್ ಆಮೇಲೆ ಸೇರಿತು. ಕೆನಡಾದ ಸರ್ಕ್ ದು ಸೊಲೇಯ್ ಕಂಪನಿ 1995ರಲ್ಲಿ ಇದಕ್ಕೆಂದೇ ಒಂದು ಕಾರ್ಯಕ್ರಮ ಶುರು ಮಾಡಿತು. ಮಕ್ಕಳ ಒಳಿತಿಗೆ ಸರ್ಕಸ್ ಬಳಸುವ ಈ ದಾರಿಯನ್ನು ಸೋಷಿಯಲ್ ಸರ್ಕಸ್ ಅಂತ ಕರೆಯುತ್ತಾರೆ. ಇದರಿಂದ ಸರ್ಕಸ್ ಕಲಾವಿದರು ತಯಾರಾಗಲೇಬೇಕು ಅಂತೇನಿಲ್ಲ.

ನಮ್ಮಲ್ಲಿ "ಮಕ್ಕಳಿಗೆ ಸರ್ಕಸ್" ಅಂದ ಕೂಡಲೇ ಅಪ್ಪ ಅಮ್ಮ ಹುಬ್ಬೇರಿಸುತ್ತಾರೆ. ಕಾರಣವೂ ಇದೆ. ಸರ್ಕಸ್ ಕಂಪನಿಗಳಲ್ಲಿ ಮಕ್ಕಳನ್ನು ದುಡಿಸಿಕೊಂಡ ಕಥೆ ದೊಡ್ಡದು, 2011ರಲ್ಲಿ ಸುಪ್ರೀಂ ಕೋರ್ಟೇ ತಡೆ ಹಾಕಬೇಕಾಯಿತು. ಹಾಗಾಗಿ ಮೊದಲೇ ಪೋಷಕರನ್ನು ಕರೆದು ಕೂರಿಸಿ, ಅವರ ಕೈಗೂ ಪೊರಕೆ ಕೊಟ್ಟು ಆಡಿಸಿಬಿಡಿ. ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಇನ್ನೊಂದು ಮಾತು. ಮಕ್ಕಳು ನಗಾಡುತ್ತಾ "ಏನೋ ದೊಂಬರಾಟ" ಅನ್ನುತ್ತಾರೆ. ಅಲ್ಲೇ ನಿಲ್ಲಿಸಿ. ಆ ಸಮುದಾಯದ ಮಗು ನಿಮ್ಮ ಗುಂಪಿನಲ್ಲೇ ಇರಬಹುದು. ಹಗ್ಗದ ಮೇಲೆ ನಡೆಯುವವರ ವಿದ್ಯೆ ಎಂಥದ್ದು ಅಂತ ಎಂಟನೇ ವಾರದ ಹೊತ್ತಿಗೆ ಎಲ್ಲರಿಗೂ ಮೈಯಲ್ಲೇ ಗೊತ್ತಾಗಿರುತ್ತದೆ.

ಏನೇನು ಬೇಕು

ಹನ್ನೆರಡರಿಂದ ಹದಿನೈದು ಮಕ್ಕಳು. ಜಾಸ್ತಿ ಬೇಡ. ದೊಡ್ಡವರು ಇಬ್ಬರು ಇರಲೇಬೇಕು, ಹೆಣ್ಣುಮಕ್ಕಳಿದ್ದರೆ ಅವರಲ್ಲಿ ಒಬ್ಬರು ಹೆಂಗಸು. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಒಂದೂವರೆ ಗಂಟೆ ಸಾಕು. ಊಟ ಮಾಡಿ ಒಂದು ಗಂಟೆ ಆಗಿರಲಿ. ಹಸಿದ ಮಗುವನ್ನು ಮಾತ್ರ ಆಡಿಸಬೇಡಿ. ಹಸಿವಿನ ತಳಮಳವನ್ನೂ ಭಯದ ತಳಮಳವನ್ನೂ ಬೇರೆ ಮಾಡಲು ನಮಗೇ ಕಷ್ಟ, ಮಕ್ಕಳಿಗೆ ಎಲ್ಲಿ ಬರಬೇಕು. ನಾನು ಒಂದು ಡಬ್ಬಿಯಲ್ಲಿ ಕಡಲೆಬೀಜದ ಚಿಕ್ಕಿ ಇಟ್ಟುಕೊಂಡಿರುತ್ತೇನೆ.

ಸಾಮಾನು: ಉದ್ದ ಕೋಲಿನ ಪೊರಕೆ ನಾಲ್ಕೈದು, ಸೀಮೆಸುಣ್ಣ, ದಪ್ಪ ಜಮಖಾನ ಇಲ್ಲಾ ಶಾಲೆಯ ಮ್ಯಾಟು, ಒಂದು ಕುರ್ಚಿ, ಆಮೇಲೆ ರಾಗಿ ಚೆಂಡು.

ರಾಗಿ ಚೆಂಡು ಹೀಗೆ ಮಾಡಿ. ಸಣ್ಣ ಪ್ಲಾಸ್ಟಿಕ್ ಕವರಿಗೆ 100ರಿಂದ 120 ಗ್ರಾಂ ರಾಗಿ ತುಂಬಿ, ಗಾಳಿ ತೆಗೆದು, ಉಂಡೆಯಾಗುವ ಹಾಗೆ ಗಂಟು ಹಾಕಿ. ಬಲೂನಿನ ಕತ್ತು ಕತ್ತರಿಸಿ, ಅದನ್ನು ಉಂಡೆ ಮೇಲೆ ಎಳೆದು ಹಾಕಿ. ಇನ್ನೊಂದು ಬಲೂನನ್ನು ಎದುರು ದಿಕ್ಕಿನಿಂದ ಹಾಕಿ. ಆಯಿತು. ಬಲೂನು ಇಲ್ಲದಿದ್ದರೆ ಹಳೇ ಸ್ಕೂಲ್ ಸಾಕ್ಸಿನ ಮುಂಭಾಗ ಕತ್ತರಿಸಿ ಅದರೊಳಗೆ ಕವರ್ ಇಟ್ಟು ಹೊಲಿಯಿರಿ. ಟೆನಿಸ್ ಬಾಲ್ ಬೇಡ. ಅದು ಪುಟಿದು ಓಡುತ್ತದೆ, ಮಗು ಅದರ ಹಿಂದೆ ಓಡುತ್ತದೆ, ಕಲಿಯುವುದಕ್ಕಿಂತ ಹೆಕ್ಕುವುದೇ ಆಗುತ್ತದೆ. ರಾಗಿ ಚೆಂಡು ಬಿದ್ದಲ್ಲೇ ಬಿದ್ದಿರುತ್ತದೆ. ಚೆಂಡನ್ನು ಮಕ್ಕಳೇ ಮಾಡಲಿ. ಕೈ ಕೆಲಸದಲ್ಲಿರುವಾಗ ಬಾಯಿ ತಾನಾಗಿ ಬಿಡುತ್ತದೆ. ಅವರೆಕಾಳು ಸುಲಿಯುತ್ತಾ ಕೂತಾಗ ಮನೆಯ ಗುಟ್ಟೆಲ್ಲ ಹೊರಗೆ ಬರುತ್ತದಲ್ಲ, ಹಾಗೆ.

ನಿಯಮಗಳನ್ನು ಮೊದಲ ದಿನವೇ ಹೇಳಿ. ಯಾರಾದರೂ "ಇವತ್ತು ಆಗಲ್ಲ" ಅಂದರೆ ಕಾರಣ ಕೇಳುವಂತಿಲ್ಲ, ಪಕ್ಕದಲ್ಲಿ ಕೂತು ನೋಡಬಹುದು. ಮುಟ್ಟುವ ಮೊದಲು ಕೇಳಬೇಕು, ದೊಡ್ಡವರೂ ಕೇಳಬೇಕು. ಮೊಬೈಲ್ ಡಬ್ಬಿಯಲ್ಲಿ. ಬಿದ್ದವರ ವಿಡಿಯೋ ಯಾರೂ ಮಾಡುವಂತಿಲ್ಲ. ಹೆಣ್ಣುಮಕ್ಕಳು ಪ್ಯಾಂಟ್ ಹಾಕಿಕೊಂಡು ಬರಲಿ, ದುಪಟ್ಟ, ಬಳೆ, ಸರ ಎಲ್ಲ ತೆಗೆದಿಡಲಿ.

ಮೊದಲ ಶನಿವಾರ: ಸುಮ್ನೆ ನಡೆಯುವುದು

ಕೋಣೆಯ ತುಂಬ ನಡೆಯಲು ಹೇಳಿ. ಗುಂಡಗೆ ಸುತ್ತಬಾರದು, ಖಾಲಿ ಜಾಗ ಹುಡುಕಿಕೊಂಡು ಹೋಗಬೇಕು. ವೇಗಕ್ಕೆ ನಂಬರ್ ಕೊಡಿ. ಒಂದು ಅಂದರೆ ದೇವರ ತೇರಿನ ಹಾಗೆ, ಐದು ಅಂದರೆ ಬಸ್ ಹೊರಟೇಹೋಯಿತು ಅನ್ನುವ ಹಾಗೆ. "ನಾಲ್ಕು... ಎರಡು... ಐದು... ನಿಲ್ಲಿ!" ನಿಂತ ಕೂಡಲೇ ಕಣ್ಣು ಮುಚ್ಚಿ, ಎದೆ ಎಲ್ಲಿ ಬಡಿಯುತ್ತಿದೆ ಅಂತ ಬೆರಳಿಟ್ಟು ತೋರಿಸಲಿ. ಕೆಲವರು ಎದೆ ತೋರಿಸುತ್ತಾರೆ, ಕೆಲವರು ಕತ್ತು, ಒಬ್ಬರಾದರೂ ಕಿವಿ ತೋರಿಸುತ್ತಾರೆ. ಯಾರದೂ ತಪ್ಪಲ್ಲ.

ಆಮೇಲೆ ಮೈಯ ಯಾವ ಭಾಗ ಮುಂದೆ ಹೋಗುತ್ತದೆ ಅಂತ ಬದಲಿಸಿ. ಎದೆ ಮುಂದೆ ಬಿಟ್ಟುಕೊಂಡು ನಡೆಯಿರಿ. ಈಗ ಹಣೆ ಮುಂದೆ. ಈಗ ಹೊಟ್ಟೆ. ಈಗ ಭುಜ ಕಿವಿಯ ಹತ್ತಿರಕ್ಕೆ ಎತ್ತಿಕೊಂಡು. ಪ್ರತಿಯೊಂದಕ್ಕೂ "ಈಗ ನೀವು ಯಾರಾದ್ರಿ?" ಅಂತ ಕೇಳಿ. ಎದೆ ಮುಂದಾದರೆ ಎಂಎಲ್‌ಎ, ಹಣೆ ಮುಂದಾದರೆ ಲೇಟಾಗಿ ಬಂದ ಸ್ಟೂಡೆಂಟ್. ಭುಜ ಎತ್ತಿದಾಗ ಒಬ್ಬಳು "ಇದು ನಾನು ಮನೆಗೆ ಹೋಗೋವಾಗ" ಅಂದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಾನು ಏನೂ ಕೇಳಲಿಲ್ಲ. ಮೊದಲ ವಾರ ಕೇಳಬೇಡಿ. ಕೇಳಿಸಿಕೊಂಡು ನೆನಪಿಟ್ಟುಕೊಳ್ಳಿ, ಅಷ್ಟೇ ಸಾಕು.

ಎರಡನೇ ಶನಿವಾರ: ನೆಲದ ಮೇಲೊಬ್ಬ ಮನುಷ್ಯ

ಒಬ್ಬರನ್ನು ಮಲಗಿಸಿ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಪೊಲೀಸ್ ಸೀನ್ ಥರ ಇದೆ ಅಂತ ತಮಾಷೆ ಮಾಡುತ್ತಾರೆ, ಮಾಡಲಿ. ಮನೆಯಲ್ಲಿ ದೊಡ್ಡವರು ಹೇಳುವ ಮೈಯ ಮಾತುಗಳನ್ನೆಲ್ಲ ನೆನಪಿಸಿಕೊಂಡು ಆಯಾ ಜಾಗದಲ್ಲಿ ಬರೆಯಲಿ. ಹೊಟ್ಟೆಕಿಚ್ಚು ಹೊಟ್ಟೆಯಲ್ಲಿ, ತಲೆಬಿಸಿ ತಲೆಯಲ್ಲಿ. "ಜೀವ ಝಲ್ ಅಂತು" ಅನ್ನುವುದನ್ನು ಎಲ್ಲಿ ಬರೆಯುವುದು? ಇದಕ್ಕೆ ನಮ್ಮಲ್ಲಿ ಹತ್ತು ನಿಮಿಷ ಜಗಳ ಆಯಿತು. ಎದೆ ಅಂತ ಕೆಲವರು, ಬೆನ್ನುಹುರಿ ಅಂತ ಕೆಲವರು. ಕೊನೆಗೆ ಒಬ್ಬ ಗೆರೆಯ ಹೊರಗೆ, ಮೈ ಸುತ್ತ ಬರೆದ. ಒಪ್ಪುವ ಮಾತೇ, ಅಲ್ವಾ?

ಆಮೇಲೆ ನೆಲದಲ್ಲಿ ಉದ್ದ ಗೆರೆ ಎಳೆದು ಪದಗಳನ್ನು ಚೀಟಿಯಲ್ಲಿ ಬರೆದು ಸಾಲಾಗಿ ಇಡಿಸಿ. ಕಿರಿಕಿರಿ, ಸಿಡುಕು, ಮುನಿಸು, ಸಿಟ್ಟು, ರೋಷ. ಇನ್ನೊಂದು ಗೆರೆಯಲ್ಲಿ ಹಿಂಜರಿಕೆ, ಅಳುಕು, ದಿಗಿಲು, ಗಾಬರಿ. ಯಾವುದು ಸಣ್ಣದು, ಯಾವುದು ದೊಡ್ಡದು ಅಂತ ಅವರೇ ತೀರ್ಮಾನಿಸಲಿ. "ಮುನಿಸು ಅಂದ್ರೆ ಬೇಕು ಅಂತ ಮಾಡೋ ಸಿಟ್ಟು, ಯಾರಾದ್ರೂ ಬಂದು ಮಾತಾಡಿಸ್ಲಿ ಅಂತ" ಅಂತ ಹುಡುಗಿಯೊಬ್ಬಳು ಹೇಳಿದ್ದಳು. ಇದಕ್ಕಿಂತ ಚೆನ್ನಾಗಿ ಯಾವ ನಿಘಂಟು ಹೇಳುತ್ತದೆ? ಈ ಚೀಟಿಗಳನ್ನು ಎಸೆಯಬೇಡಿ, ಪ್ರತಿ ವಾರ ಗೋಡೆಗೆ ಅಂಟಿಸಿ. ಮೂಡ್ ಆಫ್ ಅಂದವರನ್ನು ಗೋಡೆ ಹತ್ತಿರ ಕಳಿಸಿ, "ಇದರಲ್ಲಿ ಯಾವುದು?" ಅಂತ ಕೇಳಬಹುದು.

ಮೂರನೇ ಶನಿವಾರ: ಪೊರಕೆ

ಅಂಗೈ ಚಪ್ಪಟೆ ಇರಲಿ, ಕೋಲಿನ ತುದಿ ಅಂಗೈ ನಡುವೆ, ಪೊರಕೆಯ ತಲೆ ಮೇಲೆ. ಗುಟ್ಟು ಇಷ್ಟೇ: ಕೈ ನೋಡಬಾರದು, ಪೊರಕೆಯ ತಲೆ ನೋಡಬೇಕು. ಅದು ವಾಲಿದ ಕಡೆಗೆ ಕೈಯನ್ನು ಒಯ್ಯಬೇಕು. ಮೊದಲು ಪೆನ್ಸಿಲ್ ನಿಲ್ಲಿಸಲು ಹೇಳಿ. ಯಾರಿಗೂ ಆಗುವುದಿಲ್ಲ. ಉದ್ದ ಪೊರಕೆ ಆಗುತ್ತದೆ, ಯಾಕೆಂದರೆ ಉದ್ದ ಇದ್ದು ಮೇಲುಗಡೆ ಭಾರ ಇದ್ದಷ್ಟೂ ಅದು ನಿಧಾನವಾಗಿ ವಾಲುತ್ತದೆ, ಸರಿಪಡಿಸಿಕೊಳ್ಳಲು ನಮಗೆ ಟೈಮ್ ಸಿಗುತ್ತದೆ. ಸೈನ್ಸ್ ಮೇಷ್ಟ್ರಿಗೂ ಖುಷಿಯಾಗುತ್ತದೆ.

ಎಲ್ಲರೂ ಮೂರು ಸಲ ಮಾಡಿದ ಮೇಲೆ ಉಸಿರಿನ ಪ್ರಶ್ನೆ ಕೇಳಿ. ಮುಕ್ಕಾಲು ಪಾಲು ಮಕ್ಕಳು ಉಸಿರು ಹಿಡಿದಿರುತ್ತಾರೆ. ಈಗ ಬಾಯಿಂದ "ಸ್ಸ್ಸ್" ಅಂತ ಉದ್ದಕ್ಕೆ ಉಸಿರು ಬಿಡುತ್ತಾ ಮಾಡಿಸಿ. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು, ಆಗ ಎದೆಬಡಿತ ನಿಧಾನ ಆಗುತ್ತದೆ. ಬಹಳ ಮಕ್ಕಳಿಗೆ ಪೊರಕೆ ಇನ್ನೂ ನಾಲ್ಕು ಸೆಕೆಂಡ್ ಜಾಸ್ತಿ ನಿಲ್ಲುತ್ತದೆ. ಉಸಿರಾಟದ ಬಗ್ಗೆ ನಾನು ಒಂದು ಗಂಟೆ ಭಾಷಣ ಮಾಡಿದ್ದರೂ ಆ ನಾಲ್ಕು ಸೆಕೆಂಡಿಗೆ ಸಮ ಆಗುತ್ತಿರಲಿಲ್ಲ.

ಕೊನೆಗೆ ಒಂದು ಸುತ್ತು, ಒಬ್ಬರು ಪೊರಕೆ ಹಿಡಿದಿದ್ದಾಗ ಉಳಿದವರು ಸುತ್ತ ನಿಂತು ಸುಮ್ಮನೆ ದಿಟ್ಟಿಸಿ ನೋಡಲಿ. ಅದೇ ಪೊರಕೆ, ಅದೇ ಕೈ. ಆದರೆ ಕಿವಿ ಬಿಸಿಯಾಯಿತು, ಕಾಲು ನಡುಗಿತು ಅಂತಾರೆ. ಪೊರಕೆಯ ಭಯ ಬೇರೆ, ಜನರ ಭಯ ಬೇರೆ. ಎರಡನ್ನೂ ನೆಲದ ಮನುಷ್ಯನ ಮೇಲೆ ಬೇರೆ ಬಣ್ಣದಲ್ಲಿ ಗುರುತು ಮಾಡಲಿ.

ನಾಲ್ಕು, ಐದನೇ ಶನಿವಾರ: ರಾಗಿ ಚೆಂಡು

ಇಲ್ಲಿ ನಿಧಾನ ಮಾಡಿ. ಇಡೀ ಎಂಟು ವಾರದಲ್ಲಿ ಜಾಸ್ತಿ ಸಿಟ್ಟು ಬರುವುದು ಇಲ್ಲಿಯೇ, ಹಾಗಾಗಿ ಜಾಸ್ತಿ ಕಲಿಯುವುದೂ ಇಲ್ಲೇ.

ಒಂದು ಚೆಂಡು: ಮೊಣಕೈ ಪಕ್ಕೆಗೆ ಹತ್ತಿರ, ಕೈ ಸೊಂಟದ ಮಟ್ಟದಲ್ಲಿ. ಬಲಗೈಯಿಂದ ಎಡಗೈಗೆ, ಹಣೆಯ ಎತ್ತರಕ್ಕೆ ಕಮಾನಿನ ಹಾಗೆ ಎಸೆಯಬೇಕು. ಎಡದಿಂದ ಬಲಕ್ಕೂ ಹಾಗೇ. ಹಿಡಿಯುವುದಕ್ಕೆ ಕೈ ಮೇಲೆ ಹೋಗಬಾರದು, ಚೆಂಡೇ ಕೈಗೆ ಇಳಿದು ಬರಲಿ.

ಎರಡು ಚೆಂಡು: ಕೈಗೊಂದು. ಮೊದಲನೆಯದು ಮೇಲೆ ತುದಿ ಮುಟ್ಟಿದಾಗ ಎರಡನೆಯದನ್ನು ಅದರ ಕೆಳಗಿನಿಂದ ಎಸೆಯಬೇಕು. ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡಲಿ: ಎಸಿ, ಎಸಿ, ಹಿಡಿ, ಹಿಡಿ. ಎಲ್ಲರೂ ಮಾಡುವ ತಪ್ಪು ಅಂದರೆ ಎರಡನೆಯದನ್ನು ಎಸೆಯದೆ ಪಕ್ಕದ ಕೈಗೆ ಸದ್ದಿಲ್ಲದೆ ದಾಟಿಸಿಬಿಡುವುದು. ಅದನ್ನು ಈಗಲೇ ಬಿಡಿಸಿ, ಇಲ್ಲದಿದ್ದರೆ ಮೂರು ಚೆಂಡು ಬರುವುದೇ ಇಲ್ಲ.

ಮೂರು ಚೆಂಡು: ಎರಡು ಇರುವ ಕೈಯಿಂದ ಶುರು. ಎಸಿ, ಎಸಿ, ಎಸಿ. ಹಿಡಿಯುವ ಚಿಂತೆ ಬೇಡ, ಮೂರೂ ಬೀಳಲಿ. ಎಸೆತ ಸರಿಯಾದರೆ ಹಿಡಿತ ತಾನಾಗಿ ಬರುತ್ತದೆ. ಎಸೆಯುತ್ತಾ ಮುಂದೆ ಮುಂದೆ ನಡೆದುಬಿಡುತ್ತಾರೆ, ಅದಕ್ಕೇ ಗೋಡೆಗೆ ಮುಖ ಮಾಡಿ ನಿಲ್ಲಿಸಿ. ಬಗ್ಗಿ ಬಗ್ಗಿ ಸೊಂಟ ನೋಯದ ಹಾಗೆ ಮುಂದೊಂದು ಬೆಂಚ್ ಇಟ್ಟರೆ ಇನ್ನೂ ಒಳ್ಳೆಯದು.

ಚೆಂಡು ಬಿದ್ದಾಗ ಏನು ಮಾಡಬೇಕು ಅನ್ನುವುದು ಮುಖ್ಯ. ನಮ್ಮಲ್ಲಿ ಚೆಂಡು ಬೀಳಿಸಿದವರು ಎರಡೂ ಕೈ ಎತ್ತಿ "ಹೋಯ್ತು!" ಅಂತ ಕೂಗಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. ಮೊದಮೊದಲು ನಾಚಿಕೆ ಪಡುತ್ತಾರೆ. ಹದಿನೈದು ನಿಮಿಷದಲ್ಲಿ ಕೋಣೆ ತುಂಬ "ಹೋಯ್ತು, ಹೋಯ್ತು" ಕೇಳಿಸುತ್ತಿರುತ್ತದೆ, ಪಕ್ಕದ ಕೋಣೆಯವರು ಏನು ಹೋಯಿತು ಅಂತ ಬಂದು ನೋಡುತ್ತಾರೆ.

ಇಲ್ಲೊಂದು ನನ್ನ ತಪ್ಪು ಹೇಳಬೇಕು. ಶುರುವಿನ ವರ್ಷ ಒಬ್ಬ ಹುಡುಗ ಸಿಟ್ಟಿನಲ್ಲಿ ಚೆಂಡನ್ನು ಗೋಡೆಗೆ ರಪ್ ಅಂತ ಹೊಡೆದ. ಬಲೂನು ಒಡೆದು ರಾಗಿಯೆಲ್ಲ ನೆಲಕ್ಕೆ ಚೆಲ್ಲಿತು. ನಾನು ಬೈದೆ. "ಅನ್ನ ಕಣೋ ಅದು" ಅಂದೆ. ಅವನು ಮುಂದಿನ ಎರಡು ವಾರ ಬರಲಿಲ್ಲ. ಈಗ ಅಂಥದ್ದಾದರೆ ನಾನೂ ಅವನ ಪಕ್ಕ ಕೂತು ರಾಗಿ ಬಳಿಯುತ್ತೇನೆ. ಒಂದೆರಡು ನಿಮಿಷ ಬಿಟ್ಟು "ಎಸೆಯೋಕೆ ಮುಂಚೆ ಎಲ್ಲಿ ಶುರುವಾಯ್ತು?" ಅಂತ ಕೇಳುತ್ತೇನೆ. ಹೀಗೇ ಕೇಳಿದಾಗ ಇನ್ನೊಬ್ಬ ಹುಡುಗ ಬಹಳ ಹೊತ್ತು ಯೋಚಿಸಿ "ದವಡೆ" ಅಂದಿದ್ದ. ಚೆಂಡು ಎಸೆಯುವ ಮುಂಚೆಯೇ ದವಡೆ ಬಿಗಿದುಕೊಂಡಿತ್ತಂತೆ. ಆ ಬಿಗಿ ಬಂದ ಕೂಡಲೇ ಚೆಂಡು ಕೆಳಗಿಟ್ಟು ನೀರು ಕುಡಿದು ಬರಬಹುದು ಅಂತ ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಮುಂದಿನ ವಾರ ಅವನು ಮೂರು ಸಲ ನೀರು ಕುಡಿದ. ಅದರಲ್ಲಿ ಒಂದು ಸಲ ಬರೀ ಹರಟೆಗೆ ಹೋಗಿದ್ದು ಅಂತ ನನಗೆ ಗೊತ್ತು, ಇರಲಿ.

ಆರನೇ ಶನಿವಾರ: ಒಬ್ಬರ ಭಾರ ಇನ್ನೊಬ್ಬರಿಗೆ

ಇಬ್ಬಿಬ್ಬರು ಎದುರುಬದುರು, ಕಾಲ್ಬೆರಳಿಗೆ ಕಾಲ್ಬೆರಳು ತಾಗಿಸಿ ನಿಲ್ಲಲಿ. ಬರೀ ಅಂಗೈ ಹಿಡಿದರೆ ಜಾರುತ್ತದೆ, ಒಬ್ಬರ ಮಣಿಕಟ್ಟನ್ನು ಇನ್ನೊಬ್ಬರು ಹಿಡಿಯಬೇಕು. ಮೈ ಹಲಗೆಯ ಹಾಗೆ ನೇರ ಇಟ್ಟುಕೊಂಡು ಕೈ ಪೂರ್ತಿ ಚಾಚುವವರೆಗೆ ಹಿಂದಕ್ಕೆ ವಾಲಲಿ. ಅಲ್ಲೇ ನಿಲ್ಲಲಿ. ಆಮೇಲೆ ಹಾಗೇ ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತು ಏಳಲಿ. ಜೋಡಿಯನ್ನು ಮಕ್ಕಳೇ ಆರಿಸಿಕೊಳ್ಳಲಿ. ಹುಡುಗ ಹುಡುಗಿ ಅಂತ ನೀವು ಬಲವಂತ ಮಾಡಿ ಸೇರಿಸಲೂ ಬೇಡಿ, ಬೇರೆ ಮಾಡಲೂ ಬೇಡಿ.

ದಪ್ಪ ಸಣ್ಣ ಜೋಡಿಯಾದರೂ ಆಗುತ್ತದೆ, ಹಗುರ ಇರುವವರು ಸ್ವಲ್ಪ ಜಾಸ್ತಿ ವಾಲಬೇಕು, ಅಷ್ಟೇ. ಆದರೆ ನಡೆಯುವುದೇ ಬೇರೆ. ಹಗುರ ಇರುವ ಮಗು ವಾಲುವುದೇ ಇಲ್ಲ, ಭಾರ ಇರುವ ಮಗು ತಾನು ಎಳೆದುಬಿಡುತ್ತೇನೇನೋ ಅಂತ ಮೊಣಕಾಲು ಬಗ್ಗಿಸಿ ತನ್ನ ಭಾರವನ್ನು ಬಚ್ಚಿಡಲು ನೋಡುತ್ತದೆ. ಇದನ್ನು ಗಮನಿಸಿ. "ನಿನ್ನ ಭಾರ ಪೂರ್ತಿ ಕೊಡು" ಅಂತ ಮೆಲ್ಲಗೆ ಹೇಳಿ. ಪೂರ್ತಿ ಭಾರ ಕೊಟ್ಟು ವಾಲಿದಾಗ ಮುಖ ನೋಡಬೇಕು ನೀವು.

ಪಿರಮಿಡ್ ಮಾಡುವುದಾದರೆ ಎರಡೇ ಅಂತಸ್ತು. ಇಬ್ಬರು ಪಕ್ಕಪಕ್ಕ ಕೈ ಮಂಡಿ ಊರಿ ಮೇಜಿನಂತೆ ನಿಲ್ಲಬೇಕು. ಮೇಲಿನವರ ಮಂಡಿ ಅವರ ಸೊಂಟದ ಮೂಳೆಯ ಮೇಲೆ, ಒಬ್ಬೊಬ್ಬರ ಮೇಲೆ ಒಂದೊಂದು, ಕೈ ಭುಜದ ಮೇಲೆ. ಬೆನ್ನಿನ ನಡುವೆ ಯಾವ ಕಾರಣಕ್ಕೂ ಭಾರ ಬೀಳಬಾರದು. ಎರಡೂ ಪಕ್ಕ ಒಬ್ಬೊಬ್ಬರು ಕಾಯುತ್ತಿರಬೇಕು. ಹತ್ತಿದ ದಾರಿಯಲ್ಲೇ ಇಳಿಯಬೇಕು, ಹಾರುವಂತಿಲ್ಲ. ಯಾರೇ "ಇಳಿ" ಅಂದರೂ ಮಾತಿಲ್ಲದೆ ಇಳಿಯಬೇಕು. ಫೋಟೋ ಚೆನ್ನಾಗಿ ಬರುತ್ತದೆ ಅನ್ನುವ ಆಸೆಗೆ ಒಂದು ಸಲ ನಾನು ಮೂರನೇ ಅಂತಸ್ತು ಹತ್ತಿಸಿದೆ. ಮೇಲಿದ್ದ ಹುಡುಗಿ ಜಾರಿ ಮಣಿಕಟ್ಟು ಉಳುಕಿತು. ಅವಳ ಅಮ್ಮನ ಮುಂದೆ ನಿಂತಿದ್ದಾಗ ನನ್ನ ಹೊಟ್ಟೆಯಲ್ಲಿ ಏನಾಗುತ್ತಿತ್ತು ಅನ್ನುವುದನ್ನು ಆಮೇಲೆ ಮಕ್ಕಳಿಗೂ ಹೇಳಿದೆ. ಮಲ್ಲಕಂಬದ ಮಕ್ಕಳು ಇದಕ್ಕಿಂತ ಎಷ್ಟೋ ಕಷ್ಟದ್ದು ಮಾಡುತ್ತಾರಲ್ಲ ಅಂತ ನೀವು ಕೇಳಬಹುದು. ಅವರದು ದಿನಾ ಬೆಳಗಿನ ಅಭ್ಯಾಸ, ಪಕ್ಕದಲ್ಲಿ ಗುರು ಇರುತ್ತಾರೆ. ನಮ್ಮದು ವಾರಕ್ಕೊಮ್ಮೆ.

ಗುಂಪು ತಾನಾಗಿ ದಪ್ಪ ಇರುವವನನ್ನು ಯಾವಾಗಲೂ ಕೆಳಗೆ ಹಾಕುತ್ತದೆ, ಸಣ್ಣಗಿರುವವಳನ್ನು ಯಾವಾಗಲೂ ಮೇಲೆ ಹತ್ತಿಸುತ್ತದೆ. ಅವನಿಗೆ ಬೇಜಾರು, ಅವಳಿಗೆ ಹೆದರಿಕೆ, ಇಬ್ಬರೂ ಹೇಳುವುದಿಲ್ಲ. ಹಾಗಾಗಿ ಇಡೀ ಗುಂಪಿನಲ್ಲಿ ಜಾಗ ಅದಲುಬದಲು ಆಗಲೇಬೇಕು. ದಪ್ಪ ಇರುವವನು ಮೇಲೆ ಬರುವಾಗ ಕೆಳಗೆ ಮೂವರನ್ನು ನಿಲ್ಲಿಸಿ. ಅವನು ಅಲ್ಲಿಂದ ಇಳಿದು ಬಂದು "ಮೇಲಿಂದ ಎಲ್ಲಾ ಸಣ್ಣಗೆ ಕಾಣ್ಸತ್ತೆ ಮಿಸ್" ಅಂದ. ಎತ್ತರ ಮೂರಡಿಯೂ ಇರಲಿಲ್ಲ!

ಏಳನೇ ಶನಿವಾರ: ಜೋಕರ್

ಯಕ್ಷಗಾನದಲ್ಲಿ ಪೂರ್ವರಂಗದ ಕೋಡಂಗಿ, ಆಟದ ನಡುವೆ ಹಾಸ್ಯಗಾರ, ಸರ್ಕಸ್ಸಿನಲ್ಲಿ ಜೋಕರ್. ಇವರ ಕಸುಬೇ ಎಡವುವುದು. ಒಂದು ಕುರ್ಚಿ ಇಡಿ. ಒಬ್ಬರು ಬಂದು ಕೂತು, ಎದ್ದು ಹೋಗಬೇಕು. ನಡುವೆ ಏನೋ ಒಂದು ಕೆಡಬೇಕು. ಚಪ್ಪಲಿ ಸಿಕ್ಕಿಕೊಳ್ಳುವುದು, ಕುರ್ಚಿ ಜಾರುವುದು, ಸೀನು ಬರುವುದು, ಏನಾದರೂ ಸರಿ. ಕೆಟ್ಟ ಕೂಡಲೇ ನಿಂತು, ನೋಡುವವರ ಕಣ್ಣಿಗೆ ಕಣ್ಣು ಕೊಟ್ಟು, ಮೂರು ಎಣಿಸಿ, ಮುಂದುವರಿಯಬೇಕು. ಆ ಮೂರು ಎಣಿಸುವುದೇ ಕಷ್ಟ. ನಾಚಿಕೆ ಬಂದಾಗ ತಲೆ ತಗ್ಗಿಸುವುದು ನಮ್ಮೆಲ್ಲರ ಅಭ್ಯಾಸ, ಇಲ್ಲಿ ತಲೆ ಎತ್ತಬೇಕು. ನಗಿಸಲೇಬೇಕು ಅಂತ ಯಾರೂ ಒದ್ದಾಡುವುದು ಬೇಡ. ಬಣ್ಣ, ಮೈಕಟ್ಟು, ಮಾತಿನ ಧಾಟಿ, ಇನ್ನೊಬ್ಬರ ತೊದಲು ಇವನ್ನು ಹಾಸ್ಯ ಮಾಡುವಂತಿಲ್ಲ. ತನ್ನ ಎಡವಟ್ಟನ್ನು ಮಾತ್ರ.

ಕೊನೆಯ ಹತ್ತು ನಿಮಿಷ, ಪ್ರತಿ ವಾರ

ಗುಂಡಗೆ ಕೂತು ಮಾತು. ಒಂದು ರಾಗಿ ಚೆಂಡು ಕೈಯಿಂದ ಕೈಗೆ ಹೋಗುತ್ತಿರಲಿ, ಚೆಂಡು ಇದ್ದವರು ಮಾತ್ರ ಮಾತಾಡಬೇಕು. ಮಾತು ಬೇಡ ಅಂದರೆ ಚೆಂಡು ದಾಟಿಸಬಹುದು. ಪ್ರಶ್ನೆ ಮೂರೇ. ಇವತ್ತು ಮೈಯಲ್ಲಿ ಎಲ್ಲಿ ಏನಾಯಿತು? ಅದಕ್ಕೆ ಗೋಡೆಯ ಮೇಲಿನ ಯಾವ ಪದ? ಇದೇ ಥರ ಬೇರೆ ಎಲ್ಲಾದರೂ ಆಗುತ್ತದಾ? ಮೂರನೆಯದನ್ನು ಒಂದೇ ಸಲ ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ, ಅಗೆಯಬೇಡಿ. "ಹಾಗೆಲ್ಲ ಬೇಜಾರು ಮಾಡ್ಕೋಬಾರ್ದು", "ಧೈರ್ಯ ಇರ್ಬೇಕು" ಅನ್ನುವ ಮಾತು ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ನನಗೆ ಇದನ್ನು ನುಂಗಲು ಎರಡು ವರ್ಷ ಬೇಕಾಯಿತು.

ಕೆಲವೊಮ್ಮೆ ನಿಮ್ಮ ಕೈ ಮೀರಿದ್ದು ಹೊರಗೆ ಬರುತ್ತದೆ. ಮನೆಯಲ್ಲಿ ಹೊಡೆತ, ಯಾರೋ ಮುಟ್ಟಬಾರದ ಕಡೆ ಮುಟ್ಟಿದ್ದು, ಬದುಕುವುದೇ ಬೇಡ ಅನ್ನುವ ಮಾತು. ಆಗ ಗುಂಪಿನಲ್ಲಿ ಮುಂದುವರಿಸಬೇಡಿ, ಆಟ ಮುಗಿದ ಮೇಲೆ ಆ ಮಗುವಿನ ಜೊತೆ ಬೇರೆಯಾಗಿ ಕೂತು ಕೇಳಿ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ ತಿಳಿಸಲೇಬೇಕು ಅಂತ 2012ರ ಪೋಕ್ಸೋ ಕಾಯ್ದೆಯೇ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಎರಡೂ ನಂಬರ್ ಗೋಡೆಯ ಮೇಲೆ ಪದಗಳ ಪಕ್ಕದಲ್ಲೇ ಮೊದಲ ದಿನದಿಂದ ಇರಲಿ. ನಾವು ಆಟ ಆಡಿಸುವವರು, ಡಾಕ್ಟರ್ ಅಲ್ಲ.

ಎಂಟನೇ ಶನಿವಾರ

ಅಪ್ಪ ಅಮ್ಮಂದಿರನ್ನು ಕರೆದು ಇಪ್ಪತ್ತು ನಿಮಿಷದ ಪ್ರದರ್ಶನ. ಮಕ್ಕಳು ಬೇಡ ಅಂದರೆ ಬೇಡ. ಮಾಡುವುದಾದರೆ, ಶುರುವಾಗುವ ಮುಂಚೆ ಎಲ್ಲರ ಎದೆಯೂ ಢವಢವ ಅನ್ನುತ್ತಿರುತ್ತದೆ. "ಹೆದ್ರಬೇಡಿ, ಸಮಾಧಾನ ಮಾಡ್ಕೊಳ್ಳಿ" ಅನ್ನುವ ಬದಲು "ಜೋಶ್ ಬಂದಿದೆ" ಅಂತ ಗಟ್ಟಿಯಾಗಿ ಹೇಳಿಸಿ. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಇದನ್ನು ಹಾಡುವವರ ಮೇಲೆ, ಭಾಷಣ ಮಾಡುವವರ ಮೇಲೆ ಪರೀಕ್ಷೆ ಮಾಡಿ ನೋಡಿದ್ದರು. ಸಮಾಧಾನ ಹೇಳಿಕೊಂಡವರಿಗಿಂತ ಜೋಶ್ ಅಂದುಕೊಂಡವರು ಚೆನ್ನಾಗಿ ಮಾಡಿದರು. ಮೈಗೆ ಎರಡೂ ಹೆಚ್ಚು ಕಡಿಮೆ ಒಂದೇ, ಹೆಸರು ಮಾತ್ರ ಬೇರೆ. ನಮ್ಮ ಮಕ್ಕಳಿಗೆ ಇದು ಗೊತ್ತಿತ್ತು. ಪರದೆ ಹಿಂದೆ ಒಬ್ಬಳು ಇನ್ನೊಬ್ಬಳಿಗೆ "ನಂದು ಇವತ್ತು ಮೊಣಕಾಲಲ್ಲಿದೆ ಕಣೇ, ನಿಂದು?" ಅಂತ ಕೇಳುತ್ತಿದ್ದಳು.

ಮುಗಿದ ಮೇಲೆ ಮೂರು ಚೆಂಡನ್ನೂ ಮನೆಗೆ ಕೊಟ್ಟು ಕಳಿಸಿ. ಮಳೆಗಾಲದಲ್ಲಿ ಗಂಟು ಸಡಿಲವಾದರೆ ರಾಗಿಗೆ ಹುಳ ಬೀಳುತ್ತದೆ, ಆಗ ಬಿಚ್ಚಿ ಕೋಳಿಗೆ ಹಾಕಿ, ಹೊಸ ರಾಗಿ ತುಂಬಿಕೊಳ್ಳಲು ಹೇಳಿ.